ಉಪ್ಪು ನೋಡುವ ಮಾವ

ನಮ್ಮ ಮಾವ ನನ್ನ ಅಡುಗೆಯನ್ನು ಹೊಗಳಲು ಶುರು ಮಾಡಿದ ದಿನವೇ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಹತ್ತು ವರ್ಷ ಬೈಸಿಕೊಂಡವಳಿಗೆ ಒಂದು ದಿನ ಹೊಗಳಿಕೆ ಸಿಕ್ಕರೆ ಅದನ್ನು ತಿರುವಿ ಮುರುವಿ ನೋಡುವ ಬುದ್ಧಿ ಎಲ್ಲಿಂದ ಬರಬೇಕು?

ಬಸವಕಲ್ಯಾಣದ ಈ ಮನೆಗೆ ನಾನು ಸೊಸೆಯಾಗಿ ಬಂದಾಗ ಅತ್ತೆ ತೀರಿಕೊಂಡು ವರ್ಷವಾಗಿತ್ತು. ಮನೆಯಲ್ಲಿ ಇದ್ದವರು ಮಾವ, ನನ್ನ ಗಂಡ, ನಾನು. ಮಾವ ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು. ಗಂಡನದು ಪೈಪು, ನಲ್ಲಿ ಮಾರುವ ಅಂಗಡಿ. ನಾನು ಹುಮನಾಬಾದಿನ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ರೊಟ್ಟಿ, ಪಲ್ಯ, ಬೇಳೆ ಎಲ್ಲ ಮುಗಿಸಿ ಬೆಳಗಿನ ಬಸ್ಸು ಹಿಡಿಯಬೇಕು. ಆ ಗಡಿಬಿಡಿಯಲ್ಲಿ ಮಾಡಿದ ಬೇಳೆಯನ್ನು ಮಾವ ಬೆರಳ ತುದಿಯಿಂದ ನಾಲಿಗೆಗೆ ಮುಟ್ಟಿಸಿ, ಕಣ್ಣು ಮುಚ್ಚಿ, ತೀರ್ಪು ಕೊಡುತ್ತಿದ್ದರು.

"ಯವ್ವಾ, ಉಪ್ಪ ಒಂದ್ ಚಿಟಿಕಿ ಮುಂದ ಹೋಗೇದ."

ಇಲ್ಲದಿದ್ದರೆ, "ಒಗ್ಗರಣಿ ಕರಕಾಗೇದ." ಅದೂ ಇಲ್ಲದಿದ್ದರೆ, "ಬ್ಯಾಳಿ ಇನ್ನ ಒಂದ್ ಕುದಿ ಬೇಡಾಕತ್ತಿತ್ತು."

ನನಗೋ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. "ಹಂಗಾದ್ರ ನಾಳಿಂದ ನೀವ ಮಾಡ್ರಿ ಮಾಮಾ," ಎಂದು ಸೌಟನ್ನು ಪಾತ್ರೆಗೆ ಕುಟ್ಟಿ ಬಸ್ಸಿಗೆ ಓಡುತ್ತಿದ್ದೆ. ಅವರು ಹಿಂದಿನಿಂದ, "ರೊಟ್ಟಿ ಮಾತ್ರ ಛಲೋ ಆಗ್ಯಾವ ನೋಡವ್ವಾ!" ಎಂದು ಕೂಗುತ್ತಿದ್ದರು. ಗಂಡ ಅಷ್ಟರೊಳಗೆ ಮೊಬೈಲಿನಲ್ಲಿ ಮುಖ ಹುಗಿದಿರುತ್ತಿದ್ದ.

ಹೀಗೆ ಬೈಯುವ ಹಕ್ಕು ಮಾವನಿಗೆ ಸುಮ್ಮನೆ ಬಂದದ್ದಲ್ಲ. ನಮ್ಮ ಬಳಗದ ಮದುವೆಗಳಲ್ಲಿ ದೇವರಿಗೆ ಎಡೆ ಹೋಗುವವರೆಗೆ ಅಡುಗೆಯವರು ಒಂದು ಹನಿಯನ್ನೂ ಬಾಯಿಗೆ ಇಡುವುದಿಲ್ಲ. ಅಳತೆಯೆಲ್ಲ ಕಣ್ಣಿನ ಮೇಲೆ, ಕೈಯ ಮೇಲೆ. ಎಡೆ ಹೋದ ಮೇಲೆ, ಪಂಕ್ತಿಗೆ ಬಡಿಸುವ ಮೊದಲು, ಒಬ್ಬರು ಬಂದು ಉಪ್ಪು ನೋಡಬೇಕು. ಬಸವಕಲ್ಯಾಣದಿಂದ ಮುಡಬಿಯವರೆಗೆ ಆ ಒಬ್ಬರು ಎಂದರೆ ನಮ್ಮ ಮಾವ. ಕೊಹಿನೂರ ಎಂಬ ಹಳ್ಳಿಯ ಅಡುಗೆಯವರೊಬ್ಬರಿದ್ದಾರೆ, ಮಾವನಿಗಿಂತ ಹತ್ತು ವರ್ಷ ಚಿಕ್ಕವರು, ದೊಡ್ಡ ಮದುವೆಗಳೆಲ್ಲ ಅವರವೇ. ಅವರು ಮಾವ ಬಂದು "ಸರಿ ಅದ" ಅನ್ನುವವರೆಗೆ ಬೇಳೆಯ ಪಾತ್ರೆಯ ಮುಚ್ಚಳ ತೆಗೆಯುತ್ತಿರಲಿಲ್ಲ. ಮಾವ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ತೋಳು ಮಡಚಿ, ಎಡಗೈಯಲ್ಲಿ ಚಮಚ ಹಿಡಿದು, ಬಲ ಅಂಗೈಗೆ ನಾಲ್ಕು ಹನಿ ಹಾಕಿಕೊಂಡು ನೆಕ್ಕುತ್ತಿದ್ದರು. ಆಮೇಲೆ ಪಂಕ್ತಿಯಲ್ಲಿ ಕೂತು ನಾಲ್ವರ ಊಟ ಉಣ್ಣುತ್ತಿದ್ದರು. ಎಳ್ಳಮವಾಸ್ಯೆಗೆ ಹೊಲದ ಊಟಕ್ಕೆ ಹೋದರೆ ನಾಲ್ಕು ಹೊಲಗಳ ಕಾಳು-ಸೊಪ್ಪಿನ ಭಜ್ಜಿ ಮುಗಿಸಿ ಐದನೆಯ ಹೊಲದ ದಾರಿ ಕೇಳುವ ಮನುಷ್ಯ.

ಇಂಥವರು ಒಂದು ದಿನ ನನ್ನ ಬೇಳೆಗೆ, "ಛಂದ ಆಗೇದವ್ವಾ," ಎಂದರು. ಮರುದಿನವೂ ಅಂದರು. ವಾರವಿಡೀ ಅಂದರು. ನಾನು ಹಿಗ್ಗಿಬಿಟ್ಟೆ. ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದೆ. ತಟ್ಟೆಯಲ್ಲಿ ಅರ್ಧ ರೊಟ್ಟಿ ಉಳಿಯುತ್ತಿದ್ದುದು ಕಣ್ಣಿಗೆ ಬೀಳುತ್ತಿತ್ತು, ಆದರೆ ವಯಸ್ಸಿನ ಮೇಲೆ ಹಾಕಿ ಸುಮ್ಮನಾದೆ. ಆ ವರ್ಷದ ಎಳ್ಳಮವಾಸ್ಯೆಗೆ ಹಲ್ಲು ನೋವೆಂದು ಹೇಳಿ ಹೊಲದಲ್ಲಿ ಬೇವಿನ ಗಿಡದ ಕೆಳಗೆ ಕೂತರು. ನಾನು ಅದನ್ನೂ ನಂಬಿದೆ.

ನೋಡುತ್ತ ನೋಡುತ್ತ ಮಾವನ ಅಂಗಿಯ ಕಾಲರ್ ಕುತ್ತಿಗೆಗೆ ದೊಡ್ಡದಾಯಿತು. ಪ್ಯಾಂಟಿನ ಬೆಲ್ಟಿಗೆ ಗಂಡ ಮೊಳೆಯಿಂದ ಹೊಸ ತೂತು ಮಾಡಿಕೊಟ್ಟ, ಆಮೇಲೆ ಇನ್ನೊಂದು. ಪಕ್ಕದ ಮನೆಯ ಖಾಲಾ, ನನ್ನನ್ನು ಮಗಳ ಹಾಗೆ ನೋಡುವವರು, ಒಂದು ಸಂಜೆ ಬಾಗಿಲಲ್ಲೇ ಹಿಡಿದು ನಿಲ್ಲಿಸಿದರು.

"ಏನ್ ಬೇಟಿ, ಅಜ್ಜಾರ ಇಷ್ಟ ಸೊರಗ್ಯಾರ. ಊಟಕ್ಕ ಹಾಕಾಕತ್ತಿ ಇಲ್ಲೊ?"

ಮೈಯೆಲ್ಲ ಉರಿದುಹೋಯಿತು. ಖಾಲಾ ಕೇಳಿದ್ದು ಪ್ರೀತಿಯಿಂದ, ಅದು ಗೊತ್ತು. ಆದರೆ ಖಾಲಾ ಕೇಳಿದರು ಎಂದರೆ ಓಣಿಯಲ್ಲಿ ಉಳಿದವರು ಕೇಳದೆ ಮಾತಾಡಿಕೊಳ್ಳುತ್ತಿದ್ದಾರೆ ಎಂದು ಅರ್ಥ. ನೌಕರಿ ಮಾಡುವ ಸೊಸೆ ಮಾವನನ್ನು ಉಪವಾಸ ಕೆಡವಿದ್ದಾಳೆ! ಆ ರಾತ್ರಿ ತಟ್ಟೆಗೆ ಎರಡು ರೊಟ್ಟಿ ಹೆಚ್ಚೇ ಇಟ್ಟೆ. "ಛಂದ ಆಗ್ಯಾವವ್ವಾ," ಎಂದರು. ತಟ್ಟೆ ಖಾಲಿಯಾಗಿತ್ತು. ಅಲ್ಲಿಂದ ಮುಂದೆ ದಿನಾ ಖಾಲಿಯಾಗುತ್ತಿತ್ತು. ಮಾವ ಮಾತ್ರ ದಿನದಿಂದ ದಿನಕ್ಕೆ ಒಣಗುತ್ತಿದ್ದರು.

ಅಷ್ಟರಲ್ಲಿ ಮುಡಬಿಯ ಮದುವೆ ಬಂತು. ನಮ್ಮ ದೂರದ ಸಂಬಂಧಿಕರ ಹಿರಿಯ ಮಗಳ ಮದುವೆ. ಎಡೆ ಹೋಯಿತು, ಕೊಹಿನೂರದ ಅಡುಗೆಯವರು ಮಾವನನ್ನು ಕರೆದರು. ಮಾವ ಅಂಗೈಗೆ ನಾಲ್ಕು ಹನಿ ಹಾಕಿಕೊಂಡರು, ತುಟಿಯ ಹತ್ತಿರ ತಂದರು, "ಸರಿ ಅದ," ಎಂದರು. ಪಂಕ್ತಿ ಕೂತಿತು. ಹುಗ್ಗಿ ಬಂತು, ಅನ್ನ ಬಂತು, ಬೇಳೆ ಬಂತು. ಮೊದಲ ತುತ್ತಿಗೇ ಪಂಕ್ತಿಯ ಸದ್ದು ಅಡಗಿತು. ಬೇಳೆಗೆ ಉಪ್ಪೇ ಬಿದ್ದಿರಲಿಲ್ಲ. ಕಡಿಮೆ ಅಲ್ಲ, ಒಂದು ಹರಳೂ ಇಲ್ಲ. ಬೀಗರ ಕಡೆಯ ಹಿರಿಯರೊಬ್ಬರು ಎಲೆಯಿಂದ ಕೈ ಎತ್ತಿ ಕೂತುಬಿಟ್ಟರು. ಬಡಿಸುವವರು ಉಪ್ಪಿನ ತಟ್ಟೆ ಹಿಡಿದು ಸಾಲುಸಾಲಿಗೆ ಓಡಿದರು. ಹುಡುಗಿಯ ತಂದೆ ಎಲ್ಲರೆದುರು ಕೈ ಮುಗಿಯುತ್ತ ನಿಂತರು.

ಅಡುಗೆಯವರು ಮಾವನ ಕಡೆ ನೋಡಿದರು. ಮಾವ ತಮ್ಮ ಕಾಲ್ಬೆರಳುಗಳ ಕಡೆ ನೋಡುತ್ತಿದ್ದರು. ಯಾರೂ ಒಂದು ಮಾತು ಬೈಯಲಿಲ್ಲ. "ಇರ್ಲಿ ಬಿಡ್ರಿ, ವಯಸ್ಸಾಗೇದ," ಎಂದು ಯಾರೋ ಅಂದರು. ಬೈದಿದ್ದರೇ ಚೆನ್ನಾಗಿತ್ತು.

ನಾನು ಮನೆಗೆ ಬಂದದ್ದು ಕುದಿಯುತ್ತಲೇ. ಅವರ ಕನ್ನಡಕ ಒಳಗಿಡಲು ಅವರ ಹಳೆಯ ಕಂಡಕ್ಟರ್ ಚೀಲವನ್ನು ಮೊಳೆಯಿಂದ ಇಳಿಸಿದೆ. ನಿವೃತ್ತಿಯಾದ ಮೇಲೂ ಬೀಡಿ, ಬೆಂಕಿಪೊಟ್ಟಣ ಎಲ್ಲ ಅದರಲ್ಲೇ ಇಡುತ್ತಿದ್ದರು. ಒಳಗೆ ಪೇಪರಿನಲ್ಲಿ ಸುತ್ತಿದ ಎರಡು ರೊಟ್ಟಿ ಇದ್ದವು. ಒಂದು ಹಿಂದಿನ ದಿನದ್ದು, ಒಂದು ಅದರ ಹಿಂದಿನದು. ತಟ್ಟೆ ಹೇಗೆ ಖಾಲಿಯಾಗುತ್ತಿತ್ತು ಎಂಬುದು ಆಗ ತಿಳಿಯಿತು. ಹಿತ್ತಲಿನಾಚೆ ಖಾಲಾ ಅವರ ಮೇಕೆಗಳು ಏಕೆ ಅಷ್ಟು ಮೈತುಂಬಿಕೊಂಡಿವೆ ಎಂಬುದೂ ತಿಳಿಯಿತು.

ಚೀಲವನ್ನು ಅವರ ಮುಂದೆ ಒಗೆದೆ. "ಇಷ್ಟ ಕೆಟ್ಟ ಮಾಡ್ತೀನೇನ್ರಿ ನಾನು? ಬಾಯಿ ಬಿಟ್ಟ ಹೇಳ್ರಿ. ಛಂದ ಅದ, ಛಂದ ಅದ ಅಂತ ಯಾಕ ಸುಳ್ಳ ಹೇಳಾಕತ್ತೀರಿ?"

ಮಾವ ಹೊರಬಿದ್ದ ರೊಟ್ಟಿಗಳನ್ನು ಎತ್ತಿ ಪೇಪರಿನಲ್ಲಿ ಸುತ್ತಿದರು. ಆಮೇಲೆ ಅಂದರು, "ನಿನ್ನ ಅಡಗಿ ಅಲ್ಲವ್ವಾ. ನನಗ ಉಣ್ಣಾಕ ಅಂಜಿಕಿ ಬರ್ತದ."

ನನ್ನ ಸಿಟ್ಟು ನಿಂತಲ್ಲೇ ಇಳಿಯಿತು.

ಉಂಡ ಅರ್ಧ ತಾಸಿಗೆ ನೋವು ಶುರುವಾಗುತ್ತದಂತೆ. ಹೊಟ್ಟೆಯನ್ನು ಯಾರೋ ಹಿಡಿದು ಹಿಂಡಿದಂತೆ, ಎರಡು ತಾಸು ಬಿಡುವುದಿಲ್ಲವಂತೆ. ಒಂದು ತುತ್ತು ಬಾಯಿಗಿಡುವಾಗಲೂ ಮುಂದಿನ ನೋವೇ ಕಣ್ಣೆದುರು ಬರುತ್ತದಂತೆ. ಮುಡಬಿಯಲ್ಲಿ ಅಂಗೈಯನ್ನು ತುಟಿಯವರೆಗೆ ತಂದು, ನೆಕ್ಕದೆಯೇ ಕೆಳಗಿಳಿಸಿದ್ದರು. "ನಿಮ್ಮ ಅತ್ತಿಗೂ ಹಿಂಗ ಹೊಟ್ಟಿ ನೋವಂತ ಸುರು ಆಗಿತ್ತು. ಗಡ್ಡಿ ಅಂದ್ರು. ನಾಕ ತಿಂಗಳಾಗ ಹೋದಳು. ನನಗೂ ಅದ ಇರಬೇಕು, ಹೇಳಿ ನಿಮ್ಮನ್ನೂ ಯಾಕ ಅಂಜಿಸೂದು ಅಂತ..." ಎಂದು ಅಲ್ಲಿಗೇ ನಿಲ್ಲಿಸಿದರು. ಒಂದೂವರೆ ವರ್ಷ ಈ ಮನುಷ್ಯ ಸಾವನ್ನು ಒಬ್ಬರೇ ಕಾಯುತ್ತ ಕೂತು ನನ್ನ ಬೇಳೆ ಹೊಗಳಿದ್ದರು. ನಾನು ಅದನ್ನು ಸ್ಟಾಫ್ ರೂಮಿನಲ್ಲಿ ಹೇಳಿಕೊಂಡು ತಿರುಗಿದ್ದೆ. ನನಗೆ ನಾಚಿಕೆಯಾಯಿತು, ಅಳುವೂ ಬಂತು.

ಮರುದಿನದಿಂದಲೇ ಆಸ್ಪತ್ರೆ ತಿರುಗಿದೆವು. ಮೊದಲು ಗ್ಯಾಸಿನ ಗುಳಿಗೆ. ಆಮೇಲೆ ಬಾಯಿಯಿಂದ ಕ್ಯಾಮೆರಾದ ನಳಿಕೆ ಇಳಿಸಿ ಜಠರ ನೋಡಿದರು. ಹುಣ್ಣಿಲ್ಲ, ಗಡ್ಡೆ ಇಲ್ಲ. ಗಡ್ಡೆ ಇಲ್ಲವೆಂದಾಗ ಮಾವನ ಮುಖಕ್ಕೆ ಸ್ವಲ್ಪ ಜೀವ ಬಂತು, ಆದರೆ ನೋವು ಹಾಗೆಯೇ ಇತ್ತು, ತೂಕ ಇಳಿಯುತ್ತಲೇ ಇತ್ತು. ಕೊನೆಗೆ ನಮ್ಮ ಶಾಲೆಯ ಸಹೋದ್ಯೋಗಿಯೊಬ್ಬರು ಹುಮನಾಬಾದಿನ ಒಬ್ಬ ಡಾಕ್ಟರಮ್ಮನ ವಿಷಯ ಹೇಳಿದರು. ಚಿಕ್ಕ ವಯಸ್ಸು, ಆದರೆ ಹೇಳಿದ್ದನ್ನು ಪೂರ್ತಿ ಕೇಳುತ್ತಾರೆ ಎಂದರು. ಒಂದು ಶನಿವಾರ ಶಾಲೆ ಬಿಡುವ ಹೊತ್ತಿಗೆ ಗಂಡ ಮಾವನನ್ನು ಬಸ್ಸಿನಲ್ಲಿ ಕರೆದುಕೊಂಡು ಬಂದ, ನಾನು ಅಲ್ಲಿಂದ ಸೇರಿಕೊಂಡೆ.

ಡಾಕ್ಟರಮ್ಮ ಯಾರೂ ಕೇಳದ ಒಂದು ಪ್ರಶ್ನೆ ಕೇಳಿದರು. "ಅಜ್ಜಾರ, ಉಪವಾಸ ಇದ್ದ ದಿನ ನೋವ ಬರ್ತದೇನ್ರಿ?"

"ಇಲ್ರಿ. ಉಪವಾಸ ಇದ್ರ ನಾನು ರಾಜಾ ಇದ್ದಂಗ."

"ಬೀಡಿ?"

ಮಾವ ನನ್ನ ಕಡೆ ಕಳ್ಳನೋಟ ಬೀರಿ, "ಸಣ್ಣಾಂವ ಇದ್ದಾಗಿಂದ ರೀ," ಎಂದರು.

ಅವರು ಮಾವನನ್ನು ಮಲಗಿಸಿ ಸ್ಟೆತಸ್ಕೋಪನ್ನು ಹೊಟ್ಟೆಯ ನಡುವೆ ಇಟ್ಟು ಕೇಳತೊಡಗಿದರು. ಮಾವ ಮೆಲ್ಲಗೆ, "ಎದಿ ಸ್ವಲ್ಪ ಮ್ಯಾಲದರಿ, ಮೇಡಂ," ಎಂದರು. ಡಾಕ್ಟರಮ್ಮ ನಕ್ಕರು, ಆದರೆ ಕೇಳುವುದನ್ನು ನಿಲ್ಲಿಸಲಿಲ್ಲ. ಇಕ್ಕಟ್ಟಿನಲ್ಲಿ ರಕ್ತ ನುಗ್ಗುವಾಗ ಸುಯ್ಯೆನ್ನುವ ಸದ್ದು ಅಲ್ಲಿ ಕೇಳಿಸುತ್ತಿದೆ ಎಂದರು. ಕರುಳಿಗೆ ರಕ್ತ ಒಯ್ಯುವ ನಾಳ ಕಟ್ಟಿಕೊಂಡಿರಬೇಕು. ಉಂಡಾಗ ಕರುಳಿಗೆ ಹೆಚ್ಚು ರಕ್ತ ಬೇಕು. ದಾರಿ ಕಟ್ಟಿದ್ದರೆ ಅದು ಸಿಗುವುದಿಲ್ಲ, ಆಗ ಕರುಳು ನೋಯುತ್ತದೆ. ಹೃದಯದ ನಾಳ ಕಟ್ಟಿದರೆ ಎದೆ ನೋಯುವ ಹಾಗೆಯೇ ಇದು. ಇದನ್ನು ಹೀಗೇ ಬಿಟ್ಟರೆ ಒಂದು ದಿನ ಪೂರ್ತಿ ಮುಚ್ಚಿ ಜೀವಕ್ಕೇ ಅಪಾಯ ಎಂದೂ ಮುಚ್ಚಿಡದೆ ಹೇಳಿದರು.

ಅದುವರೆಗೆ ಯಾವ ಆಸ್ಪತ್ರೆಯಲ್ಲೂ ಬಾಯಿ ಬಿಡದ ನನ್ನ ಗಂಡ ಕುರ್ಚಿಯಿಂದ ಎದ್ದೇಬಿಟ್ಟ. "ಅಂದ್ರ ಪೈಪ್ ಜಾಮ್ ಆಗೇದ್ರಿ!"

"ಹೌದ್ರಿ, ಅಷ್ಟ," ಎಂದರು ಡಾಕ್ಟರಮ್ಮ.

ಮಾವನ ಚಿಂತೆ ಬೇರೆಯೇ ಇತ್ತು. "ಹೊಟ್ಟಿ ಕೊಯ್ತಾರೇನ್ರಿ?"

ಕೊಯ್ಯುವುದಿಲ್ಲ ಎಂದರು. ಎಡಗೈಯ ಮಣಿಕಟ್ಟಿನ ಹತ್ತಿರ ಸೂಜಿ ಚುಚ್ಚಿ, ರಕ್ತನಾಳದೊಳಗಿಂದಲೇ ಸಣ್ಣ ತಂತಿಯನ್ನು ಕಟ್ಟಿಕೊಂಡ ಜಾಗದವರೆಗೆ ಕಳಿಸುತ್ತಾರೆ. ಅಲ್ಲಿ ಪುಟ್ಟ ಬಲೂನು ಉಬ್ಬಿಸಿ ದಾರಿ ಅಗಲ ಮಾಡಿ, ಅದು ಮತ್ತೆ ಮುಚ್ಚದಂತೆ ಸ್ಟೆಂಟ್ ಎಂಬ ಬಲೆಯ ಕೊಳವೆ ಬಿಟ್ಟು ಬರುತ್ತಾರೆ. ಮಾವ ತಮ್ಮ ಎಡಗೈಯನ್ನು ನೋಡಿಕೊಂಡರು. ಬೆರಳಿನಿಂದ ಮಣಿಕಟ್ಟು, ಮೊಳಕೈ, ಭುಜ ಮುಟ್ಟಿ ಎದೆಯ ಮೇಲಿಂದ ಹೊಟ್ಟೆಗೆ ಇಳಿದರು.

"ಬಾಳ ಸುತ್ತಿನ ರೂಟ್ ಆತಲ್ರಿ. ನಡುವ ಬಸ್ ಬದಲಿ ಮಾಡೂದದೇನು?"

ಒಂದೂವರೆ ವರ್ಷದ ನಂತರ ಅವರು ಮಾಡಿದ ಮೊದಲ ತಮಾಷೆ ಅದು. ವಾಪಸು ಬರುವಾಗ ಬಸ್ಸಿನಲ್ಲಿ ನಾನು ಅದನ್ನೇ ನೆನೆಸಿಕೊಂಡು ನಗುತ್ತಿದ್ದೆ.

ಸ್ಕ್ಯಾನ್ ಮಾಡಿಸಿದಾಗ ಡಾಕ್ಟರಮ್ಮ ಹೇಳಿದ್ದೇ ನಿಜವಾಯಿತು. ಹೈದರಾಬಾದಿನ ದೊಡ್ಡ ಆಸ್ಪತ್ರೆಗೆ ಹೋದೆವು. ಮಾವನನ್ನು ಒಳಗೆ ಕರೆದುಕೊಂಡು ಹೋದಾಗ ನಾನೂ ಗಂಡನೂ ಹೊರಗೆ ಕೂತೆವು. ಒಳಗೆ ಹೋದವರು ಎಷ್ಟು ದಿನಕ್ಕೆ ಹೊರಬರುತ್ತಾರೋ ಎಂದುಕೊಂಡು ನಾನು ಎರಡು ಚಾದರ, ಒಂದು ಸ್ಟೋವು ಕೂಡ ಕಟ್ಟಿಕೊಂಡು ಹೋಗಿದ್ದೆ. ಒಂದೂವರೆ ತಾಸಿಗೆ ಬಾಗಿಲು ತೆರೆಯಿತು. ಮಾವ ಎಚ್ಚರವಾಗಿಯೇ ಇದ್ದರು. ಮಣಿಕಟ್ಟಿಗೆ ಒಂದು ಪಟ್ಟಿ, ಅಷ್ಟೇ. "ಒಳಗ ಏಸಿ ಬಾಳ ಥಂಡಿ," ಎಂದು ದೂರಿದರು. ಬಲೂನು ಉಬ್ಬಿಸಿದಾಗ ಹೊಟ್ಟೆ ಒಮ್ಮೆ ಹಿಡಿದಂತಾಗಿ ಬಿಟ್ಟಿತಂತೆ. ತಮ್ಮ ನಾಳವನ್ನು ತಾವೇ ಟಿವಿಯಲ್ಲಿ ನೋಡಿದರಂತೆ. ಡಾಕ್ಟರು ನಮಗೂ ಎರಡು ಚಿತ್ರ ತೋರಿಸಿದರು. ಮೊದಲಿನದರಲ್ಲಿ ಒಂದು ಕಡೆ ದಾರದಷ್ಟು ಸಣ್ಣ ಗೆರೆ. ಎರಡನೆಯದರಲ್ಲಿ ತುಂಬಿ ಕವಲೊಡೆದ ನಾಳ. ಗಂಡ ಅದನ್ನು ಮೊಬೈಲಿನಲ್ಲಿ ಹಿಡಿದುಕೊಂಡು ಈಗಲೂ ಅಂಗಡಿಗೆ ಬಂದವರಿಗೆ ತೋರಿಸುತ್ತಾನೆ.

ಆದರೆ ನಿಜವಾದ ಪರೀಕ್ಷೆ ಮರುದಿನ ಬೆಳಿಗ್ಗೆ ಇತ್ತು. ಒಂದು ಬಟ್ಟಲು ಕಿಚಡಿ ಬಂತು. ಮಾವ ಚಮಚ ಹಿಡಿದರು. ಒಂದು ತುತ್ತು, ಎರಡು ತುತ್ತು, ಅರ್ಧ ಬಟ್ಟಲು. ಆಮೇಲೆ ಚಮಚ ಇಟ್ಟು, ಮಂಚದ ಕಂಬಿ ಹಿಡಿದು, ಗೋಡೆಯ ಗಡಿಯಾರ ನೋಡುತ್ತ ಕೂತರು. ನಾನೂ ನೋಡುತ್ತ ಕೂತೆ. ಹತ್ತು ನಿಮಿಷ, ಇಪ್ಪತ್ತು ನಿಮಿಷ. ಅರ್ಧ ತಾಸಾಯಿತು. ಕಂಬಿ ಹಿಡಿದ ಬೆರಳುಗಳು ಬೆಳ್ಳಗಾಗಿದ್ದವು. ನಲವತ್ತು ನಿಮಿಷ.

"ಬಂತೇನ್ರಿ ಮಾಮಾ?"

"ಇಲ್ಲ. ಇವತ್ತ ಲೇಟ್ ಇರಬೇಕು."

ಒಂದು ತಾಸಾಯಿತು. ಒಂದೂವರೆ ತಾಸಾಯಿತು. ಮಾವ ಕಂಬಿ ಬಿಟ್ಟು ಕೈ ಕೆಳಗಿಳಿಸಿ, "ಯವ್ವಾ," ಎಂದರು. "ಹಸಿವಾಗೇದ."

ನಾನು ಜೋರಾಗಿ ಅತ್ತುಬಿಟ್ಟೆ. ನರ್ಸಮ್ಮ ಗಾಬರಿಯಾಗಿ ಓಡಿ ಬಂದರು. ಅವರಿಗೆ ಏನು ಹೇಳುವುದು? ಹಸಿವಾಗೇದಂತ್ರಿ ಎಂದೆ. ಅವರು ನನ್ನನ್ನು ವಿಚಿತ್ರವಾಗಿ ನೋಡಿ ಹೋದರು.

ಮನೆಗೆ ಬಂದೆವು. ಬೀಡಿಯನ್ನು ಡಾಕ್ಟರರು ಬಿಡಿಸಿದರೋ, ದಿನಾ ಚೀಲ ತಪಾಸಣೆ ಮಾಡಿ ನಾನು ಬಿಡಿಸಿದೆನೋ, ಬಿಟ್ಟರು. ರಕ್ತ ಹೆಪ್ಪುಗಟ್ಟದಂತೆ ದಿನಾ ಗುಳಿಗೆ. ಅರ್ಧ ರೊಟ್ಟಿ ಒಂದಾಯಿತು, ಒಂದು ಎರಡಾಯಿತು. ಬೆಲ್ಟಿನ ಹೊಸ ತೂತುಗಳು ಒಂದೊಂದಾಗಿ ಕೆಲಸವಿಲ್ಲದೆ ಕೂತವು. ಖಾಲಾ ಅವರ ಮೇಕೆಗಳು ಮಾತ್ರ ಗೋಡೆಯಾಚೆಯಿಂದ ಬ್ಯಾ ಬ್ಯಾ ಎಂದು ಕರೆದು ಕರೆದು ಸುಮ್ಮನಾದವು.

ಎಲ್ಲ ಸರಿಯಾಯಿತು, ಒಂದನ್ನು ಬಿಟ್ಟು. ಮಾವ ನನ್ನ ಅಡುಗೆಯಲ್ಲಿ ತಪ್ಪು ಹುಡುಕುತ್ತಿರಲಿಲ್ಲ. ಉಪ್ಪು ಕಡಿಮೆ ಹಾಕಿದೆ, "ಛಂದ ಆಗೇದ." ಹೆಚ್ಚು ಹಾಕಿದೆ, ನಾನೇ ನೀರು ಕುಡಿಯುವಷ್ಟು ಹಾಕಿದೆ, "ಛಂದ ಆಗೇದ." ಒಂದು ದಿನ ತಡೆಯದೆ ಕೇಳಿದೆ, "ಮಾಮಾ, ಬಾಯಿಗೆ ರುಚಿ ಹತ್ತಾಕತ್ತಿಲ್ಲೇನ್ರಿ?"

"ರುಚಿ ಹತ್ತತದವ್ವಾ. ಮುಡಬ್ಯಾಗ ಅಷ್ಟ ಮಂದಿ ಮುಂದ ಸುಳ್ಳ ಹೇಳಿದೆ. ಇನ್ನ ಯಾವ ಬಾಯ್ಲೆ ಉಪ್ಪ ನೋಡ್ಲಿ?"

ಹೊಟ್ಟೆಯ ನಾಳ ಒಂದೂವರೆ ತಾಸಿನಲ್ಲಿ ತೆರೆದಿತ್ತು. ಇದಕ್ಕೆ ಯಾವ ಡಾಕ್ಟರರ ಹತ್ತಿರ ಹೋಗುವುದು ಎಂದು ನನಗೆ ತಿಳಿಯಲಿಲ್ಲ.

ಹೋದ ವರ್ಷ ಮುಡಬಿಯ ಅದೇ ಮನೆಯವರು ಎರಡನೆಯ ಮಗಳ ಮದುವೆಗೆ ಕರೆಯಲು ಬಂದರು. ಉಪ್ಪಿನ ಮಾತು ಅವರೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ. ಮಾವ ಬರುವುದಿಲ್ಲವೆಂದು ಹಟ ಹಿಡಿದರು. ನಾನು ಬಿಳಿ ಅಂಗಿಗೆ ಇಸ್ತ್ರಿ ಮಾಡಿ ತಂದು ಮುಂದಿಟ್ಟೆ. "ನೀವ ಬರ್ಲಿಲ್ಲಂದ್ರ ನಾನೂ ಹೋಗೂದಿಲ್ಲ. ಸೊಸಿ ಮತ್ತ ಉಪವಾಸ ಕೆಡವ್ಯಾಳ ಅಂತಾರ ಮಂದಿ," ಎಂದೆ. ಸುಮ್ಮನೆ ತೊಟ್ಟುಕೊಂಡರು. ಆದರೆ ಮದುವೆಮನೆಯಲ್ಲಿ ಅಡುಗೆಯ ಜಾಗದಿಂದ ಆದಷ್ಟು ದೂರ, ಚಪ್ಪಲಿ ಬಿಡುವಲ್ಲಿ ಒಂದು ಕುರ್ಚಿ ಹಾಕಿಕೊಂಡು ಕೂತರು.

ಎಡೆ ಹೋಯಿತು. ಪಂಕ್ತಿ ಕೂತಿತು, ಎಲೆ ಬಿತ್ತು, ನೀರು ಬಂತು. ಊಟ ಬರಲಿಲ್ಲ. ಜನ ಕತ್ತು ತಿರುಗಿಸಿ ನೋಡತೊಡಗಿದರು. ಕೊಹಿನೂರದ ಅಡುಗೆಯವರು ಬೇಳೆಯ ಪಾತ್ರೆಯ ಮುಂದೆ ಕೈ ಕಟ್ಟಿ ನಿಂತಿದ್ದರು. ಹುಡುಗಿಯ ತಂದೆ ಹೋಗಿ ಕೇಳಿದರೆ ಪಂಕ್ತಿಗೆಲ್ಲ ಕೇಳುವಂತೆ ಹೇಳಿದರು, "ನೋಡವ್ರ ನೋಡದ ನಾ ಮುಚ್ಚಳಾ ತಗಿಯೂದಿಲ್ರಿ. ಅಲ್ಲಿ ಚಪ್ಪಲಿ ಕಾಯ್ಕೋತ ಕುಂತಾರ, ಕರೀರಿ."

ಎಲ್ಲರ ಕಣ್ಣೂ ಮಾವನ ಕಡೆ ತಿರುಗಿದವು. ಅವರು ಎದ್ದರು. ನಡುವಿನ ದಾರಿಯಲ್ಲಿ ನಡೆದು ಬರುವಾಗ ತೋಳು ಮಡಚುತ್ತಿದ್ದುದನ್ನು ನಾನು ಹೆಂಗಸರ ಸಾಲಿನಿಂದ ನೋಡಿದೆ. ಅಡುಗೆಯವರು ಮುಚ್ಚಳ ಸ್ವಲ್ಪ ಸರಿಸಿ ಚಮಚದಲ್ಲಿ ಬೇಳೆ ತೆಗೆದುಕೊಟ್ಟರು. ಮಾವ ಅಂಗೈಗೆ ನಾಲ್ಕು ಹನಿ ಹಾಕಿಕೊಂಡರು, ನೆಕ್ಕಿದರು, ಕಣ್ಣು ಮುಚ್ಚಿದರು. ಮತ್ತೊಮ್ಮೆ ಹಾಕಿಸಿಕೊಂಡು ನೆಕ್ಕಿದರು. ಅವರ ಮುಖ ಸಪ್ಪಗಾಯಿತು.

"ಉಪ್ಪಿಲ್ಲ," ಎಂದರು. ಆಮೇಲೆ ಗಟ್ಟಿಯಾಗಿ, "ಒಂದ್ ಹರಳೂ ಇಲ್ಲ!"

ಹುಡುಗಿಯ ತಂದೆ ತಲೆ ಹಿಡಿದುಕೊಂಡರು. ಅಡುಗೆಯವರು ಮಾತ್ರ ನಕ್ಕು, ಪಕ್ಕದ ಸ್ಟೂಲಿನ ಮೇಲಿದ್ದ ಬಟ್ಟೆ ಸರಿಸಿದರು. ಕೆಳಗೆ ಅಳತೆ ಮಾಡಿಟ್ಟ ಉಪ್ಪಿನ ಬಟ್ಟಲು ತಯಾರಿತ್ತು. "ಬೇಕಂತನ ಹಾಕಿದ್ದಿಲ್ರಿ. ಖರೇನ ಆರಾಮ ಆಗೀರೋ ಇಲ್ಲೋ ನೋಡಬೇಕಿತ್ತು." ಉಪ್ಪು ಸುರಿದು, ಸೌಟು ಆಡಿಸಿ, ಒಂದು ಕುದಿ ಬಂದ ಮೇಲೆ ಮತ್ತೆ ಚಮಚ ಚಾಚಿದರು. ಮಾವ ನೋಡಿದರು. "ಈಗ ಸರಿ ಅದ," ಎಂದರು. ಇಡೀ ಪಂಕ್ತಿ ನಕ್ಕಿತು. ಹಿಂದಿನ ಮದುವೆಯಲ್ಲಿ ಕೈ ಎತ್ತಿ ಕೂತಿದ್ದ ಬೀಗರು ಆ ದಿನವೂ ಬಂದಿದ್ದರು, ಅವರೇ ಎಲ್ಲರಿಗಿಂತ ಜೋರಾಗಿ ನಕ್ಕರು. ಮಾವ ಅವರ ಪಕ್ಕದಲ್ಲೇ ಕೂತು, ಬೇಳೆಯನ್ನು ಮೂರು ಸಲ ಹಾಕಿಸಿಕೊಂಡು ಉಂಡರು.

ವಾಪಸು ಬರುವಾಗ ಆಟೋದಲ್ಲಿ ನಾವು ಮೂವರಲ್ಲದೆ ಇನ್ನೂ ನಾಲ್ಕು ಜನರಿದ್ದರು. ಅರ್ಧ ತಾಸು ಕಳೆದಿರಬೇಕು, ಮಾವ ನನ್ನ ಕಡೆ ತಿರುಗಿದರು.

"ಯವ್ವಾ, ಒಂದ್ ಮಾತ ಹೇಳ್ತೀನಿ, ಸಿಟ್ಟ ಮಾಡ್ಬ್ಯಾಡ."

"ಹೇಳ್ರಿ."

"ನಿನ್ನ ಬ್ಯಾಳ್ಯಾಗ ಉಪ್ಪ ಮುಂದ ಹೋಗಾಕತ್ತದ. ಒಗ್ಗರಣಿನೂ ಕರಕ. ಬಾಳ ದಿನದಿಂದ ಹೇಳಬೇಕಂತ ಇದ್ದೆ."

ಆಟೋದಲ್ಲಿದ್ದವರೆಲ್ಲ ನನ್ನ ಮುಖ ನೋಡಿದರು. ಗಂಡ ಮೊಬೈಲ್ ತೆಗೆದ. ನನಗೆ ಸಿಟ್ಟು ನೆತ್ತಿಗೇರಿತು. ಅಷ್ಟು ಜನರ ಮುಂದೆ! "ಹಂಗಾದ್ರ ನಾಳಿಂದ ನೀವ ಮಾಡ್ರಿ ಮಾಮಾ!" ಎಂದು ಕೂಗಿದೆ. ಕೂಗುವಾಗಲೇ ನಗು ಬಂತು, ನಗುವ ಹೊತ್ತಿಗೆ ಕಣ್ಣು ತುಂಬಿದ್ದವು. ಸೆರಗಿನಿಂದ ಒರೆಸಿಕೊಂಡೆ. ಮಾವ ಏನೂ ಆಗಿಲ್ಲವೆಂಬಂತೆ, "ರೊಟ್ಟಿ ಮಾತ್ರ ಛಲೋ ಮಾಡ್ತಾಳ," ಎಂದು ಪಕ್ಕದವರಿಗೆ ಹೇಳುತ್ತಿದ್ದರು.

ಮರುದಿನ ಬೆಳಿಗ್ಗೆ ಬೇಳೆ ಕುದಿಯುವಾಗ ಉಪ್ಪಿನ ಡಬ್ಬಿಗೆ ಕೈ ಹಾಕಿದೆ. ದಿನಾ ಹಾಕುವಷ್ಟೇ ಹಾಕಿದೆ, ಒಂದು ಹರಳನ್ನೂ ಕಡಿಮೆ ಮಾಡಲಿಲ್ಲ. ಆಮೇಲೆ ತಟ್ಟೆ ಇಟ್ಟು, ಬಸ್ಸಿಗೆ ಹೊತ್ತಾಗಿದ್ದರೂ, ಅವರು ಬೈಯುವವರೆಗೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ.